ಬೆರ್ಚಪ್ಪನಿಗೆ ಹೋದ ರಾಕೆಟ್ ಅಂಗಿ

ನಾನೇ ಇಷ್ಟಪಟ್ಟು ಆರಿಸಿಕೊಂಡ ಬಟ್ಟೆ ಈ ಜನ್ಮದಲ್ಲಿ ಒಂದೇ ಒಂದು. ಚಿಕ್ಕಂದಿನಲ್ಲಿ ಅಣ್ಣನಿಗೆ ಗಿಡ್ಡವಾದದ್ದು ನನಗೆ ಬರುತ್ತಿತ್ತು. ಮದುವೆಯಲ್ಲಿ ಮಾವ ಕೊಟ್ಟದ್ದನ್ನು ತೊಟ್ಟೆ. ಹೊಸೂರಿನ ಕಾರ್ಖಾನೆ ಸೇರಿದ ಮೇಲೆ ವಾರವೆಲ್ಲ ಬೂದು ಸಮವಸ್ತ್ರ. ಹೀಗಾಗಿ ನಲವತ್ತು ದಾಟಿದ ಮೇಲೆ ಒಂದು ಭಾನುವಾರ, ಜೂಜುವಾಡಿಯ ರಸ್ತೆ ಬದಿಯಲ್ಲಿ ರಫ್ತಿಗೆ ನಪಾಸಾದ ಟೀ ಶರ್ಟುಗಳ ರಾಶಿಗೆ ಕೈಹಾಕಿದಾಗ ವಿವೇಕ ಕೈಕೊಟ್ಟಿತು.

ಎದೆಯಿಂದ ಹೊಟ್ಟೆಯವರೆಗೆ ಯಾವುದೋ ಹಳೇ ಇಂಗ್ಲಿಷ್ ಕಾಮಿಕ್ಸಿನ ಮುಖಪುಟ. ಕೆಂಪು ರಾಕೆಟ್ಟು, ಮೂರು ಕಣ್ಣಿನ ಹಸಿರು ಪ್ರಾಣಿ, ಮೀನಿನ ಗಾಜಿನ ತೊಟ್ಟಿಯನ್ನು ತಲೆಗೆ ಬೋರಲು ಹಾಕಿಕೊಂಡ ಗಗನಯಾತ್ರಿ. ನಮ್ಮವರು ಪುಷ್ಪಕ ವಿಮಾನ ಏರಿದಾಗ ಕಿರೀಟವೂ ಅಲುಗಲಿಲ್ಲ. ಈತ ಪಾಪ, ಉಸಿರಾಡಲಿಕ್ಕೂ ಬೆನ್ನ ಮೇಲೆ ಸಿಲಿಂಡರು ಹೊತ್ತಿದ್ದ. "ಫಾರಿನ್ ಸಾರ್, ಪೋಟ್ಟು ಪಾರುಂಗ" ಎಂದ ಅಂಗಡಿಯವ. ಹಾಕಿ ನೋಡಿದೆ. ಕನ್ನಡಿ ಅಂಗೈಯಗಲದ್ದು, ಅದರಲ್ಲಿ ಹೊಟ್ಟೆ ಕಾಣಲಿಲ್ಲ.

ಹೆಂಡತಿ ರತ್ನಳಿಗೆ ಕಂಡಿತು. "ರಾಕೆಟ್ಟು ಬಸುರಿಯಾಗೈತೆ" ಅಂದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ಊಟವನ್ನು ಅಷ್ಟೊಂದು ಇಚ್ಛೆಯಿಂದ ಮಾಡಿದ್ದಕ್ಕೇ ನನ್ನ ನೋಟಕ್ಕೆ ಈ ಗತಿ ಬಂದಿತ್ತು. ಆದರೂ ಬಿಡಲಿಲ್ಲ. ಭಾನುವಾರ ಬಂತೆಂದರೆ ಅದನ್ನೇ ತೊಟ್ಟು ಹಾಲಿಗೆ ಹೋದೆ, ಸಂತೆಗೆ ಹೋದೆ, ಒಮ್ಮೆ ನಾಮಕರಣಕ್ಕೂ ಹೋದೆ. ಅದರೊಳಗೆ ಇರುವಾಗ ನಾನು ಯಾರ ಅಪ್ಪನೂ ಅಲ್ಲ, ಅಳಿಯನೂ ಅಲ್ಲ, ಬರೀ ನಾನು ಅನ್ನಿಸುತ್ತಿತ್ತು. ಹಾಗನ್ನಿಸುವುದು ನನಗೆ ತುಂಬ ಬೇಕಿತ್ತು.

ಒಂದು ಭಾನುವಾರ ಅಂಗಿ ಇಲ್ಲ. "ಅಪ್ಪ ಬಂದಿದ್ರಲ್ಲ, ತಗೊಂಡೋದ್ರು. ಟೊಮೇಟೊ ತೋಟದ ಬೆರ್ಚಪ್ಪಂಗೆ ಬೇಕಂತೆ" ಅಂದಳು ರತ್ನ. ಬೆಳೆಗೆ ಕಣ್ಣು ಬೀಳದಿರಲೆಂದು ನಿಲ್ಲಿಸುವ ಹುಲ್ಲಿನ ಬೊಂಬೆ, ಬೆರ್ಚಪ್ಪನಿಗೆ ಮನೆ ಗಂಡಸಿನ ಹಳೇ ಅಂಗಿಯನ್ನೇ ತೊಡಿಸುವುದು ಮಾವನವರ ಪದ್ಧತಿ. ನನ್ನದು ಹಳೇದಲ್ಲ ಎಂದು ಕೂಗಾಡಿ ಉದ್ದನಪಲ್ಲಿಯ ಬಸ್ಸು ಹತ್ತಿದೆ. ನಗುತ್ತ ಅವಳೂ ಹತ್ತಿದಳು.

ತೋಟದ ನಡುವೆ ನಾನೇ ನಿಂತಿದ್ದೆ. "ಮೊದ್ಲು ಚಿತ್ರ ಮುದುರ್ಕೊಂತಿತ್ತು ಅಳಿಯಂದ್ರೇ. ಹೊಟ್ಟೆಗೆ ಇನ್ನೊಂದು ಕಂತೆ ಹುಲ್ಲು ತುರುಕ್ದೆ ನೋಡಿ, ಸರ್ಯಾಗಿ ಕೂತ್ಕೊಂತು" ಎಂದರು ಮಾವ. ಮೂರು ಕಣ್ಣಿನ ಪ್ರಾಣಿಯ ಹಣೆಗೆ ಕುಂಕುಮವನ್ನೂ ಇಟ್ಟಿದ್ದರು. ಮಾವನ ಎದುರಿಗೇ ಬೆರ್ಚಪ್ಪನ ಅಂಗಿ ಬಿಚ್ಚಿಕೊಳ್ಳಲು ನಾಚಿಕೆಯಾಗಿ, ಅವರು ಮನೆಗೆ ಹೋಗಲೆಂದು ಬದುವಿನ ಮರೆಯಲ್ಲಿ ಕಾದು ಕೂತೆ.

ಮಾವ ಹೋದರು. ಹೊತ್ತು ಇಳಿಯುತ್ತಿತ್ತು. ಅಷ್ಟರಲ್ಲಿ ರತ್ನ ಲೋಟ ಹಿಡಿದು ಬಂದು, ಬೆರ್ಚಪ್ಪನ ಬೆನ್ನು ನೋಡಿ ದೂರದಿಂದಲೇ ಕೂಗಿದಳು.

"ಏನ್ರೀ, ಕಾಫಿ ಆರೋಗ್ತೈತೆ, ಬರ್ರೀ!"

ಅವನು ಅಲುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಊಹೂಂ. ನಾನು ಅಂಗಿ ಬಿಡಿಸಿಕೊಂಡು ತೊಟ್ಟು ನಿಂತಿದ್ದೇನೆ ಅಂದುಕೊಂಡಳೋ ಏನೋ, ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

"ಯಾವಾಗ್ಲೂ ಇಷ್ಟೇ. ಕೂಗಿದ್ರೆ ಓ ಅನ್ನಾಕೂ ಆಗಾಕಿಲ್ಲ" ಎಂದು ಲೋಟವನ್ನು ಬದುವಿನ ಮೇಲಿಟ್ಟು ಹಿಂದಕ್ಕೆ ತಿರುಗಿದಳು.

ನಗು ಬರಬೇಕಿತ್ತು, ಬರಲಿಲ್ಲ. "ಓ!" ಎಂದು ಎದ್ದು ನಿಂತೆ. ಬೆಚ್ಚಿದವಳು ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಸೆರಗು ಬಾಯಿಗಿಟ್ಟು ನಕ್ಕಳು.

ಅಂಗಿಯನ್ನು ಅವನಿಗೇ ಬಿಟ್ಟು ಬಂದೆ. ನನಗಿಂತ ಅವನಿಗೇ ಅದು ಒಪ್ಪುತ್ತದೆ, ಸುಳ್ಳೇಕೆ. ಕೂಗಿದಾಗ ಓ ಅನ್ನುವುದೊಂದರಲ್ಲಾದರೂ ನಾನು ಅವನಿಗಿಂತ ಮೇಲು ಅನ್ನಿಸಿಕೊಳ್ಳಬೇಕಲ್ಲ.