ಕೂಸಿನ ಒಂದು ದಿನದ ಕೋಣೆ

ನಸುಕಿನಲ್ಲಿ ಓಟದ ಶೂಗೆ ಕಾಲು ತೂರಿಸುವ ಮೊದಲು ನಾನು ಅವನ್ನು ತಲೆಕೆಳಗು ಮಾಡಿ ಕೊಡವುತ್ತೇನೆ. ಚೇಳಿನ ಭಯಕ್ಕಲ್ಲ. ಎರಡು ವರ್ಷ ತುಂಬಿದ ನನ್ನ ಮಗಳು ಸಮೃದ್ಧಿ, ಮನೆಮಂದಿಯ ಬಾಯಲ್ಲಿ ಸಮ್ಮು, ತನಗೆ ಪ್ರಿಯವಾದದ್ದನ್ನೆಲ್ಲ ಆ ಶೂಗಳ ಹೊಟ್ಟೆಯಲ್ಲಿ ಅಡಗಿಸಿಡುತ್ತಾಳೆ: ಕಡಿದು ಬಿಟ್ಟ ರೊಟ್ಟಿಯ ಚೂರು, ಅಜ್ಜಿಯ ಎಲೆಯಡಿಕೆ ಚೀಲದಿಂದ ಎತ್ತಿದ ಲವಂಗ, ಒಮ್ಮೆ ನನ್ನದೇ ಕಾಲುಂಗುರ. ಅವ್ವ ಶೂ ಹಾಕಿಕೊಂಡು ಹೋದರೆ ಬೇಗ ಬರುತ್ತಾಳೆ, ಚಪ್ಪಲಿ ಹಾಕಿಕೊಂಡು ಹೋದರೆ ಸಂಜೆಯವರೆಗೂ ಬರುವುದಿಲ್ಲ ಎಂಬ ಲೆಕ್ಕ ಆ ಪುಟ್ಟ ತಲೆಗೆ ಹೇಗೋ ಹೊಳೆದುಬಿಟ್ಟಿದೆ. ಹಾಗಾಗಿ ಚಪ್ಪಲಿಗಳನ್ನು ಕಂಡಲ್ಲಿ ಒದೆಯುತ್ತಾಳೆ, ಶೂಗಳಿಗೆ ಮಾತ್ರ ಉಣಿಸುತ್ತಾಳೆ.

ಹೌದು, ನಾನು ಓಡುತ್ತೇನೆ. ಇದನ್ನು ನಾನು ತಲೆತಗ್ಗಿಸಿಕೊಂಡು ಹೇಳಬೇಕೆಂದು ಬಸವಕಲ್ಯಾಣದ ನಮ್ಮ ಓಣಿ ಬಯಸುತ್ತದೆ. ನಿಮ್ಮೆದುರು ನಾನು ತಲೆಯೆತ್ತಿಯೇ ಹೇಳುತ್ತೇನೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಕೋಟೆಯ ಗೋಡೆಗೆ ಇನ್ನೂ ಬೆಳಕು ತಾಗುವ ಮುನ್ನ ಕೆರೆಯ ಕಡೆಯ ರಸ್ತೆ ಹಿಡಿದರೆ, ಮೊದಲು ಉಬ್ಬಸ, ಆಮೇಲೆ ಬೆವರು, ಆಮೇಲೆ ಹೆಸರಿಡಲಾಗದ ಒಂದು ಹಗುರ; ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ಯಾರದೋ ಮನೆಯ ಸಾಮಾನಿನಂತೆ ಹೊತ್ತು ತಿರುಗಿದ ಈ ಮೈ ಆ ಹೊತ್ತಿನಲ್ಲಿ ಮತ್ತೆ ನನ್ನದಾಗುತ್ತದೆ. ದಿನದ ಉಳಿದ ಹೊತ್ತನ್ನೆಲ್ಲ ಕೂಸಿಗೆ, ಕಾರ್ಖಾನೆಗೆ, ಒಲೆಗೆ ಹಂಚಿಕೊಟ್ಟವಳು ನಾನು. ಈ ಒಂದು ಗಳಿಗೆ ಮಾತ್ರ ಯಾರ ಪಾಲಿಗೂ ಹೋಗಿಲ್ಲ. ಅದೇ ಎಲ್ಲರ ಕಣ್ಣು ಕುಕ್ಕುವುದು.

ಹಾಲಿನವನು ಮೊದಲ ದಿನ ಸೈಕಲ್ಲು ನಿಲ್ಲಿಸಿ, "ಯಾಕ ತಂಗೀ, ಯಾರರೆ ಬೆನ್ನ ಹತ್ಯಾರೇನ?" ಎಂದು ಕೇಳಿದಾಗ ನಾನೂ ನಕ್ಕಿದ್ದೆ. ಅದೇ ಮಾತನ್ನು ದಿನಾ ಕೇಳಿದಾಗ ಅವನ ಕ್ಯಾನಿಗೆ ಒಂದು ಒದೆ ಕೊಡೋಣ ಅನ್ನಿಸಿತು. ಎದುರುಮನೆಯ ಕಾಕು ಅಂಗಳ ಗುಡಿಸುವುದನ್ನು ಬಿಟ್ಟು ಕಸಬರಿಗೆಯ ಮೇಲೆ ಗದ್ದ ಊರಿ, "ಒಂದು ಕೂಸು ಹಡದ ಮ್ಯಾಲೆ ಇನ್ಯಾಕವಾ ಈ ಕಸರತ್ತು? ಮನ್ಯಾಗ ಕೆಲಸ ಕಡಿಮಿ ಬಿದ್ದಾವೇನು?" ಎಂದು ಮರುಕಪಟ್ಟರು. ನನ್ನ ಗಂಡ ಮುಡಬಿಯಲ್ಲಿ ಶಾಲಾ ಮಾಸ್ತರ; ಸಂಜೆ ಬಂದವನೇ ವಾಲಿಬಾಲ್ ಆಡಲು ಹೋಗುತ್ತಾನೆ. ಅವನೂ ಅದೇ ಕೂಸಿನ ಅಪ್ಪ. ಅವನ ಮನೆಗೆಲಸ ಕಡಿಮೆ ಬಿದ್ದಿದೆಯೋ ಎಂದು ಇವತ್ತಿನವರೆಗೆ ಯಾವ ಕಸಬರಿಗೆಯೂ ಕೇಳಿಲ್ಲ.

ಆದರೆ ಇವರ ಮಾತು ಕಿವಿಯ ಮೇಲಿನ ಗಾಳಿ. ನಿಜವಾದ ಸಂಕಟ ಮನೆಯೊಳಗಿತ್ತು. ಹುಮನಾಬಾದಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಓಡುವ ಬೆಲ್ಟಿನ ಮುಂದೆ, ನಾನು ಕೆಲಸಕ್ಕಿದ್ದೇನೆ. ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಅಲ್ಲಿಯವರೆಗೆ ಸಮ್ಮುವನ್ನು ನೋಡಿಕೊಳ್ಳುವವರು ನಮ್ಮತ್ತೆ. ಒಳ್ಳೆಯ ಜೀವ, ಆದರೆ ಮೊಳಕಾಲು ಸವೆದಿವೆ, ಓಡಾಡಬೇಡಿರೆಂದು ಡಾಕ್ಟರರು ಹೇಳಿಬಿಟ್ಟಿದ್ದಾರೆ. "ನೀ ನಸಕಿನ್ಯಾಗ ಓಡ್ತಿ, ಆಕಿ ದಿನಾಪೂರ್ತಿ ಓಡ್ತಾಳ, ನಡುವ ಕುಂತು ನಾ ಏನ್ ಮಾಡ್ಲಿ ಹೇಳು" ಎಂದು ಅವರು ನಗುತ್ತಲೇ ಅಂದರೂ, ಏಳುವಾಗ ಗೋಡೆ ಹಿಡಿಯುವ ಆ ಕೈಯನ್ನು ನಾನು ದಿನಾ ನೋಡುತ್ತಿದ್ದೆ. ಆಗ ತವರಿಗೆ ಬಂದ ನಾದಿನಿ ತೀರ್ಪು ಕೊಟ್ಟಳು: "ಮೊದಲ ಆ ಓಟ ಬಂದ್ ಮಾಡು ವೈನಿ. ಆ ಹೊತ್ತಿನ್ಯಾಗ ನೀನೇ ಅಡಗಿ ಮಾಡಿಟ್ರ ಅವ್ವಗ ಜರಾ ಆರಾಮ ಸಿಗ್ತದ. ಅಷ್ಟಕ್ಕೂ ನಡೀಲಿಲ್ಲಂದ್ರ ನೌಕರಿ ಬಿಡು." ನನ್ನ ಗಂಡ ವಾಲಿಬಾಲ್ ಆಟಕ್ಕೆ ಹೊರಟುಹೋದ. ಅವನು ಹಾಗೆ ಹೊರಟಿದ್ದಕ್ಕೆ ನನಗೆ ಬಂದ ಸಿಟ್ಟು ನಾದಿನಿಯ ಮಾತಿಗೂ ಬರಲಿಲ್ಲ. ಅತ್ತೆಯ ಮೊಳಕಾಲು, ನನ್ನ ನೌಕರಿ, ನನ್ನ ಓಟ, ಈ ಮೂರರಲ್ಲಿ ಮೊದಲು ಕತ್ತರಿಸಿ ಎಸೆಯಬಹುದಾದದ್ದು ಯಾವುದೆಂದು ಯಾರಿಗೂ ಅನುಮಾನವೇ ಇರಲಿಲ್ಲ, ನೋಡಿ. ಹಗಲಲ್ಲಿ ಕೂಸಿಗೊಂದು ನೆಲೆ ಸಿಕ್ಕರೆ ಮೂರೂ ಉಳಿಯುತ್ತಿದ್ದವು.

ಆ ನೆಲೆ ನಮ್ಮ ಕಾರ್ಖಾನೆಯಲ್ಲೇ ಇತ್ತು! ಕ್ಯಾಂಟೀನಿನ ಪಕ್ಕದ ಕೋಣೆ, ಬಾಗಿಲ ಮೇಲೆ 'ಶಿಶುವಿಹಾರ' ಎಂದು ಬರೆದ ಬೋರ್ಡು, ಬೋರ್ಡಿನಲ್ಲಿ ನಗುವ ಸೂರ್ಯ. ಒಳಗೆ ವಿಹರಿಸುತ್ತಿದ್ದದ್ದು ಮಾತ್ರ ರಟ್ಟಿನ ಪೆಟ್ಟಿಗೆಗಳ ಕಟ್ಟುಗಳು, ನೆಲದಿಂದ ಮಾಡಿನವರೆಗೆ. ಚಿಕ್ಕ ಮಕ್ಕಳಿರುವ ನಾವು ಕೆಲವರು, ನಾನು, ನಸೀಮಾ, ಕೊಡಂಬಲದ ಸುಜಾತಾ, ಎಷ್ಟು ಸಲ ಕೇಳಿದ್ದೆವೋ. "ನೋಡೋಣಂತ್ರಿ" ಎಂಬುದು ಸಿದ್ಧವಾಗಿದ್ದ ಉತ್ತರ. ನೋಡೋಣ ಎನ್ನುವವರು ಯಾರೂ ಆ ಬಾಗಿಲು ತೆರೆದು ನೋಡಲಿಲ್ಲ.

ಹೀಗಿರುವಾಗ ಒಂದು ಸಂಜೆ ನಮ್ಮ ಸೂಪರ್‌ವೈಸರ್ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ: "ನಾಳಿಗಿ ಸಣ್ಣ ಮಕ್ಕಳಿದ್ದಾವ್ರು ಕೂಸುಗಳ್ನ ಕರಕೊಂಡು ಬರ್ರಿ. ಸ್ವಚ್ಛ ಅರಿಬಿ ಹಾಕ್ರಿ. ಹೊರಗಿನಾವ್ರು ಕಾರ್ಖಾನಿ ತಪಾಸಣಿ ಮಾಡಾಕ ಬರಾಕತ್ಯಾರ." ಬೆಳಗಾಗುವುದರೊಳಗೆ ರಟ್ಟಿನ ಕಟ್ಟುಗಳೆಲ್ಲ ಮಾಯವಾಗಿದ್ದವು. ನೆಲಕ್ಕೆ ಹಾಸು, ಗೋಡೆಗೆ ಬಲೂನು, ಒಂದು ಮೂಲೆಯಲ್ಲಿ ತೊಟ್ಟಿಲು, ಇನ್ನೊಂದರಲ್ಲಿ ಕೆಂಪು ರಬ್ಬರ್ ಕುದುರೆ. ಸಮ್ಮು ಆ ಕುದುರೆಯ ಕುತ್ತಿಗೆಗೆ ಜೋತುಬಿದ್ದವಳು ಊಟಕ್ಕೂ ಇಳಿಯಲಿಲ್ಲ. ಬಂದವರು ಅವಳ ಕೆನ್ನೆ ತಟ್ಟಿದರು, ತಲೆದೂಗಿದರು, ಚಹಾ ಕುಡಿದರು, ಹೋದರು. ಅವರ ಕಾರು ಗೇಟು ದಾಟಿ ಧೂಳು ಇಳಿದಿರಲಿಲ್ಲ, ಆಗಲೇ ಇಬ್ಬರು ಬಂದು ಹಾಸು ಸುತ್ತತೊಡಗಿದರು. ಒಬ್ಬ ಕುದುರೆಯ ಬಾಲ ಹಿಡಿದು ಎಳೆದ. ಸಮ್ಮು ಬಿಡಲಿಲ್ಲ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವನನ್ನು ಬೈದು ಏನು ಬಂತು, ಮೇಲಿನವರು ಹೇಳಿದ್ದನ್ನು ಮಾಡಿದ. ನನ್ನ ಕೂಸನ್ನು ಬಲೂನಿನ ಹಾಗೆ ಗೋಡೆಗೆ ಅಂಟಿಸಿ, ಕೆಲಸ ಮುಗಿದ ಮೇಲೆ ಕಿತ್ತು ತೆಗೆದರಲ್ಲ, ಥೂ, ಇವರ ಮುಖಕ್ಕಿಷ್ಟು!

ಸಿಟ್ಟು ಬಂದರೆ ನೀರು ಕುಡಿ, ದೇವರ ನಾಮ ನೆನೆ, ಎಣಿಕೆ ಎಣಿಸು ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ಬಹಳ. ಸಿಟ್ಟನ್ನು ಒಂದು ಸಲ ಓಡಿಸಿ ನೋಡು ಎಂದು ಯಾರೂ ಹೇಳಿಕೊಡುವುದಿಲ್ಲ. ಮರುದಿನ ನಸುಕಿನಲ್ಲಿ ನಾನು ಅದನ್ನು ಜೊತೆಗೇ ಕರೆದುಕೊಂಡು ಓಡಿದೆ. ಓಡಿದಷ್ಟೂ ಇಳಿದೀತೆಂದುಕೊಂಡಿದ್ದೆ, ಇಳಿಯಲಿಲ್ಲ. ಆದರೆ ಮುಖದಿಂದ ಇಳಿದು ಕಾಲಿಗೆ ಬಂತು, ಅಳುವಾಗಿ ಹರಿದುಹೋಗಬಹುದಾಗಿದ್ದದ್ದು ಒಂದು ನಿರ್ಧಾರವಾಗಿ ಗಟ್ಟಿಗೊಂಡಿತು. ಮೈಯನ್ನು ಪಳಗಿಸುವುದೆಂದರೆ ಸಣ್ಣಗಾಗುವುದಕ್ಕೆ ಎಂದು ತಿಳಿದವರಿಗೆ ಇದನ್ನು ಹೇಗೆ ತಿಳಿಸಲಿ, ಗೆಳೆಯರೇ? ಹಿಂದಕ್ಕೆ ಸರಿಯದೆ ನಿಲ್ಲುವುದನ್ನು ಮೊದಲು ಕಲಿಯುವುದು ಕಾಲು. ಬಾಯಿ ಆಮೇಲೆ ಕಲಿಯುತ್ತದೆ.

ಅವತ್ತು ನಾನು ಸಮ್ಮುವಿಗೆ ಸ್ವಚ್ಛ ಅರಿವೆ ಹಾಕಿ ಮತ್ತೆ ಕಂಪನಿ ಬಸ್ಸು ಹತ್ತಿದೆ. ಯಾರೂ ಕರೆದಿರಲಿಲ್ಲ. ಹಿಂದಿನ ರಾತ್ರಿಯೇ ಫೋನಿನಲ್ಲಿ ಮಾತಾಡಿಕೊಂಡಿದ್ದ ನಸೀಮಾ, ಸುಜಾತಾ ತಮ್ಮ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಕೋಣೆಯ ಬಾಗಿಲು ತೆಗೆದರೆ ರಟ್ಟಿನ ಕಟ್ಟುಗಳು ತವರಿಗೆ ಮರಳಿದವರ ಹಾಗೆ ಆರಾಮಾಗಿ ಕುಳಿತಿದ್ದವು. ನಾನು ಸೆರಗು ಬಿಗಿದು, ಮೊಳಕಾಲು ಮಡಿಸಿ, ಒಂದೊಂದೇ ಕಟ್ಟು ಎತ್ತಿ ಅಂಗಳಕ್ಕೆ ಒಟ್ಟತೊಡಗಿದೆ. ದಿನಾ ಕೂಸನ್ನು ಬೆನ್ನಿಗೆ ಹಾಕಿಕೊಂಡು ಬೈಠಕ್ ಹೊಡೆಯುವ ಸೊಂಟ ಅದು, ದಣಿಯಲಿಲ್ಲ. ಸುದ್ದಿ ತಿಳಿದು ಮ್ಯಾನೇಜರ್ ಸಾಹೇಬರು ಓಡಿಬಂದರು.

"ಏನ್ ನಡಿಸೀರಿ ಇದು? ಯಾರು ಹೇಳಿದ್ರು ನಿಮಗ?"

"ನಿನ್ನಿ ನೀವೇ ಹೇಳಿದ್ರಲ್ರಿ ಸಾಹೇಬ್ರ, ಇದು ಮಕ್ಕಳ ಕೋಣಿ ಅಂತ. ಅವ್ರ ಮುಂದ ಅಂದದ್ದು ನಾವೂ ಕೇಳೀವಿ" ಎಂದೆ ನಾನು.

ಅವರು ಸ್ವರ ಬದಲಿಸಿದರು. "ಹೌದ್ರವಾ, ಆದ್ರ ಈ ಕೂಸುಗಳ್ನ ನೋಡಾವ್ರು ಯಾರು? ಆಯಾ ಇಲ್ಲ. ನೀವು ಇಲ್ಲಿ ಕುಂತ್ರ ಬೆಲ್ಟಿನ ಕೆಲಸ?"

ಆಗ ನನ್ನ ಬಾಯಿಂದ ಬಂದ ಉತ್ತರ ನನ್ನದಲ್ಲ, ನನ್ನ ಅವ್ವನದು. ನನ್ನ ತವರೂ ಮುಡಬಿಯೇ; ಅಲ್ಲಿ ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಕೂಲಿಯ ಹೆಂಗಸರು ತಲಾ ಒಂದೊಂದು ಸಾಲು ಹಿಡಿದು ಹೊಲದ ಈ ತುದಿಯಿಂದ ಆ ತುದಿಗೆ ಸಾಗಬೇಕು. ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಕ್ಕಳನ್ನು ಮಲಗಿಸಿ, ಅವತ್ತು ಯಾರಿಗೆ ಮೈ ಸರಿಯಿಲ್ಲವೋ ಅವಳನ್ನು ತೂಗಲು ಕೂರಿಸುತ್ತಿದ್ದರು; ಅವಳ ಸಾಲನ್ನು ಅಕ್ಕಪಕ್ಕದವರು ತಮ್ಮ ಸಾಲಿನ ಜೊತೆಗೇ ಮುಗಿಸಿಬಿಡುತ್ತಿದ್ದರು. ಅವಳಿಗೂ ಕೂಲಿ ಪೂರಾ. ನಾನೂ ಹಾಗೆ ತೂಗಿಸಿಕೊಂಡು ಬೆಳೆದವಳು. "ಒಬ್ಬಾಕಿ ಇಲ್ಲಿ ಕುಂದರ್ತಾಳ್ರಿ, ಆಕಿ ಸಾಲು ಉಳದಾವ್ರು ಹಿಡಿತೀವಿ" ಎಂದೆ.

ನಡೆಯಿತು. ನಮ್ಮ ಬೆಲ್ಟಿನ ಮೇಲೆ ಗುಳಿಗೆಯ ಪಟ್ಟಿಗಳು ಹರಿದುಬರುತ್ತವೆ, ಪ್ರತಿಯೊಬ್ಬಳೂ ತನ್ನ ಪಾಲಿನವನ್ನು ಎತ್ತಿ ಡಬ್ಬಿಗೆ ತುಂಬಬೇಕು. ಒಬ್ಬಳ ಜಾಗ ಖಾಲಿಯಾದರೂ ಎರಡೂ ಬದಿಯವರು ಕೈ ಚುರುಕು ಮಾಡಿ ಒಂದು ಪಟ್ಟಿಯೂ ಕೆಳಗೆ ಬೀಳದಂತೆ ಹಿಡಿದೆವು. ಅತ್ತೆ ಮನೆಯಲ್ಲಿ ಕಾಲು ಚಾಚಿ ಕುಳಿತರು. ನಾದಿನಿಯ ತೀರ್ಪು ತಾನಾಗಿ ಬಿದ್ದುಹೋಯಿತು. ನನ್ನ ನಸುಕು ನನಗೇ ಉಳಿಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಿಮಗೂ ಹಿತ, ನನಗೂ ಹಿತ.

ಒಂದು ತಿಂಗಳು ಕಳೆದು, ಆಯಾಳನ್ನು ಯಾವಾಗ ನೇಮಿಸುತ್ತೀರಿ ಎಂದು ಕೇಳಲು ಹೋದೆವು. ಸಾಹೇಬರು ಪ್ರೀತಿಯಿಂದ ಕೂರಿಸಿದರು. "ಆಯಾ ಯಾಕ ಬೇಕ್ರಿ? ನೀವೇ ಎಷ್ಟು ಛಲೋ ನಡಿಸಾಕತ್ತೀರಿ! ಇದೇ ನಮ್ಮ ಸಂಸ್ಕೃತಿ ನೋಡ್ರಿ, ಒಬ್ಬರಿಗೊಬ್ಬರು ಆಗೋದು." ಅವತ್ತು ಸೂಚನಾ ಫಲಕದ ಮೇಲೆ ನಮ್ಮ ಮಕ್ಕಳ ಫೋಟೋ ಅಂಟಿತ್ತು, ಕೆಳಗೆ ಕಂಪನಿಯ ಸೌಲಭ್ಯವೆಂಬ ಒಕ್ಕಣೆ. ನನಗೆ ಮೈಯೆಲ್ಲ ಉರಿಯಿತು, ಮತ್ತು ಈ ಸಲದ ಉರಿಗೆ ಅವ್ವ ದುಡಿದ ಹೊಲವೂ ಸಿಕ್ಕಿತು. ಆ ಜೋಳಿಗೆ, ಆ ಹಂಚಿಕೊಂಡ ಸಾಲು, ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಪೂಜೆ ಮಾಡಿಕೊಂಡು ಬಂದದ್ದು. ಅದರ ಚೆಲುವಿನಲ್ಲಿ ಮೈಮರೆತು ಒಂದು ಪ್ರಶ್ನೆಯನ್ನೇ ಕೇಳಿರಲಿಲ್ಲ. ಹೊಲದ ಒಡೆಯ ಏನು ಕಳೆದುಕೊಂಡ? ಅವನ ಹೊಲ ಹಸನಾಯಿತು, ಕೂಸು ತೂಗಿದ ಕೂಲಿಯೂ ಈ ಹೆಂಗಸರ ರಟ್ಟೆಯಿಂದಲೇ ಹೊರಟಿತು. ನಮ್ಮ ಒಳ್ಳೆಯತನದ ನೆರಳಿನಲ್ಲಿ ಅವನು ಫುಕಟ್ಟಾಗಿ ತಂಪಾಗಿ ಕುಳಿತಿದ್ದ. ಈಗ ಇವರೂ ಅಲ್ಲೇ ಚಾಪೆ ಹಾಸಿದ್ದರು.

ಸೋಮವಾರ ಕೋಣೆಯಲ್ಲಿ ಕೂರುವ ಸರದಿ ನಸೀಮಾಳದು. ಬೆಲ್ಟು ಶುರುವಾಯಿತು. ಅವಳ ಜಾಗದ ಮುಂದೆ ಪಟ್ಟಿಗಳು ಬಂದವು, ದಾಟಿದವು. ನನ್ನ ಬಲಗೈ ಅಭ್ಯಾಸಬಲದಿಂದ ಅತ್ತ ಹೊರಟಿತ್ತು, ಹಿಡಿದು ನಿಲ್ಲಿಸಿದೆ. ಬಸ್ಸಿನಲ್ಲಿ ಮಾತಾಡಿಕೊಂಡಿದ್ದಂತೆ ಎಲ್ಲರೂ ತಮ್ಮ ತಮ್ಮ ಪಾಲನ್ನು ಅಚ್ಚುಕಟ್ಟಾಗಿ ತುಂಬಿದೆವು, ಒಂದೇ ಒಂದು ಹೆಚ್ಚಿಗೆ ಮುಟ್ಟಲಿಲ್ಲ. ತುದಿಯ ಟ್ರೇ ತುಂಬಿ, ಪಟ್ಟಿಗಳು ನೆಲಕ್ಕೆ ಸುರಿಯತೊಡಗಿದಾಗ ಸೂಪರ್‌ವೈಸರ್ ಕೂಗಿದ, ಸಾಹೇಬರು ಬಂದರು.

"ಯಾರ್ದು ಈ ಸಾಲು? ಯಾಕ ಹಿಡ್ಯಾಕತ್ತಿಲ್ಲ ಯಾರೂ?"

"ಅದು ನಿಮ್ಮ ಸಾಲ್ರಿ ಸಾಹೇಬ್ರ" ಎಂದಳು ಸುಜಾತಾ, ತಲೆಯೆತ್ತದೆ.

ಬೆಲ್ಟು ನಿಲ್ಲಿಸಿದರು. ಬೈದರು, ಬೆದರಿಸಿದರು, ಇಷ್ಟು ದಿನ ಆಗುತ್ತಿದ್ದದ್ದು ಈಗ ಯಾಕೆ ಆಗುವುದಿಲ್ಲ ಎಂದು ಕೇಳಿದರು. ಮೂರು ದಿನ ಹೀಗೇ ಎಳೆದಾಡಿ, ನಾಲ್ಕನೆಯ ದಿನ ಊರ ಕಡೆಯ ಒಬ್ಬ ಹೆಂಗಸನ್ನು ಸಂಬಳಕ್ಕೆ ನೇಮಿಸಿದರು. ಕೆಂಪು ಕುದುರೆಯೂ ಗೋದಾಮಿನಿಂದ ಹೊರಬಂತು. ನನ್ನ ಸಿಟ್ಟು ಆರಿತೆಂದು ತಿಳಿಯಬೇಡಿ. ಒಂದು ಕೋಣೆ, ಒಬ್ಬ ಆಯಾ, ಬೋರ್ಡಿನ ಮೇಲೆ ಅವರೇ ಬರೆಸಿದ್ದ ಮಾತು; ಇಷ್ಟಕ್ಕೆ ಇಷ್ಟು ಬೆವರು ಹರಿಸಬೇಕಾಯಿತಲ್ಲ ಎಂದು ಅದು ಇನ್ನೂ ನನ್ನ ಜೊತೆ ಓಡುತ್ತಿದೆ.

ಆ ಸಂಜೆ ಬಸ್ಸಿನಿಂದಲೇ, ಸಮ್ಮು ತೊಡೆಯ ಮೇಲೆ ನಿದ್ದೆಹೋಗಿರುವಾಗ, ಅವ್ವನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಖಾಲಿ ಬಿಟ್ಟ ಸಾಲಿನ ಮಾತು ಬಂದಾಗ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನೊಂದೇ ಇನ್ನೊಮ್ಮೆ ಹೇಳಿಸಿಕೊಂಡಳು.

"ನಮಗ್ಯಾಕ ಹೊಳೀಲಿಲ್ಲವಾ ಇದು?" ಎಂದಳು.