ಬಟ್ಟೆಯ ಆಚೆ ಬದಿ

ವಿಮಾನಕ್ಕೂ ಬಟ್ಟೆ ಹೊಲಿಯುತ್ತಾರೆ ಎಂದರೆ ಮದುವೆಯಾದ ಹೊಸದರಲ್ಲಿ ಅವಳ ಗಂಡನೇ ನಂಬಿರಲಿಲ್ಲ. "ಯಾಕೆ, ಅದಕ್ಕೂ ಚಳಿಯಾಗುತ್ತಾ?" ಎಂದು ನಕ್ಕಿದ್ದ. ಹಳೆಯ ಎರಡು ಎಂಜಿನ್ನಿನ ವಿಮಾನಗಳ ಮೈಯೆಲ್ಲ ತಗಡಾದರೂ, ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆಗಳಿಗೆ ಬಟ್ಟೆಯನ್ನೇ ಬಿಗಿಯುತ್ತಿದ್ದರು. ತಗಡು ಹಾಕಿದರೆ ಭಾರ. ಆ ಹಲಗೆ ಆಡಿದರೆ ವಿಮಾನದ ಮೂತಿ ಏಳುತ್ತದೆ, ಇಳಿಯುತ್ತದೆ. ಒಳಗೆ ಪಕ್ಕೆಲುಬಿನ ಹಾಗೆ ಸಾಲಾಗಿ ಪಟ್ಟಿಗಳಿರುತ್ತವೆ. ಮೇಣ ಹಚ್ಚಿದ ದಾರದಲ್ಲಿ ಬಟ್ಟೆಯನ್ನು ಅವಕ್ಕೆ ಕೈಯಿಂದಲೇ ಹೊಲಿಯಬೇಕು. ಅದಕ್ಕೆ ಇಬ್ಬರು ಬೇಕು. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಈಚೆಗೊಬ್ಬರು, ಆಚೆಗೊಬ್ಬರು ಕೂರುತ್ತಾರೆ. ಈಚೆಯವರು ಗೇಣುದ್ದದ ಸೂಜಿಯನ್ನು ಚುಚ್ಚಿ ಕಳಿಸಿದರೆ ಆಚೆಯವರು ಅದನ್ನು ಪಟ್ಟಿಯ ಇನ್ನೊಂದು ಪಕ್ಕದಿಂದ ಮರಳಿಸುತ್ತಾರೆ. ಗಂಟು ಹಾಕುವುದು ಈಚೆಯವರು. ನಡುವೆ ಬಟ್ಟೆ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

ವಿಮಾನ ರಿಪೇರಿಯ ಆ ಕಾರ್ಖಾನೆಯಲ್ಲಿ ಗಂಟು ಅಕ್ಕನದು, ಸೂಜಿ ಮರಳಿಸುವುದು ಇವಳದು. ಸೂಜಿ ಮರಳಿಸುವ ಮೊದಲು ಇವಳು ಪಟ್ಟಿಯ ಮೇಲೆ ಉಗುರಿನಿಂದ ಎರಡು ಸಲ ತಟ್ಟುತ್ತಿದ್ದಳು. ಬಂತು, ಕೈ ತೆಗಿ ಎಂದು ಅರ್ಥ. ಇದು ಅಕ್ಕತಂಗಿಯರಿಬ್ಬರದೇ ಭಾಷೆ. ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಒಂದು ದಿನ ಕತ್ತರಿ ತಗುಲಿ ಅಕ್ಕನ ಹೆಬ್ಬೆರಳು ಸೀಳಿತು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ. "ಇವತ್ತೊಂದಿನ ನೀನು ಗಂಟು ಹಾಕು, ನಾನು ಆಚೆ ಕೂರ್ತೀನಿ" ಎಂದಳು ಅಕ್ಕ. ಜಾಗ ಬದಲಾಯಿಸಿಕೊಂಡರು. ಕೆಲಸದ ಪುಸ್ತಕದಲ್ಲಿ ಮಾತ್ರ ಎಂದಿನಂತೆ ಗಂಟಿನ ಸಾಲಿಗೆ ಅಕ್ಕನ ಹೆಸರೇ ಬಿತ್ತು.

ಎರಡು ತಿಂಗಳ ಮೇಲೆ ಆ ಹಲಗೆ ಕೂರಿಸಿದ ವಿಮಾನ ಸರಕು ತುಂಬಿಕೊಂಡು ಹೊರಟದ್ದು ಮರಳಲಿಲ್ಲ. ಹಾರಿಸುತ್ತಿದ್ದವರು ಇಬ್ಬರು, ಇಬ್ಬರೂ ಹೋದರು. ಬಾಲದ ಹಲಗೆಯ ಹನ್ನೊಂದನೆಯ ಪಟ್ಟಿಯಲ್ಲಿ ಗಂಟು ಜಾರಿ, ದಾರ ಬಿಚ್ಚಿಕೊಂಡು, ಗಾಳಿಗೆ ಬಟ್ಟೆ ಉಬ್ಬಿ ಹರಿದಿತ್ತು ಎಂದು ವಿಚಾರಣೆಯಲ್ಲಿ ತಿಳಿಯಿತು. ಪುಸ್ತಕ ತೆರೆದು ನೋಡಿ ಅಕ್ಕನನ್ನು ಕರೆಸಿದರು. ಅಕ್ಕ "ಹೌದು, ನನ್ನದೇ" ಎಂದಳು. ಬಾಗಿಲ ಹೊರಗೆ ನಿಂತಿದ್ದ ಇವಳು ಒಳಗೆ ಹೋಗಲಿಲ್ಲ. ಅಕ್ಕನ ಕೆಲಸ ಹೋಯಿತು. ಎಂಟು ವರ್ಷಕ್ಕೆ ಕಾಯಿಲೆ ಬಿದ್ದು ಅವಳೇ ಹೋದಳು. ಅಷ್ಟು ವರ್ಷದಲ್ಲಿ ಆ ಮಾತು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಇವಳು ಮಾತ್ರ ಅಲ್ಲೇ ಇನ್ನೂ ಇಪ್ಪತ್ತೆರಡು ವರ್ಷ ದುಡಿದು, ಹಾರ ಹಾಕಿಸಿಕೊಂಡು ನಿವೃತ್ತಳಾದಳು. ಆದರೆ ಮನೆಯಲ್ಲಿ ದಿಂಬಿನ ಚೀಲ ಹೊಲಿಯಲು ಕೂತರೂ ಬಟ್ಟೆಯ ಹಿಂದೊಂದು ಕೈ ಕಾದಿದೆ ಅನ್ನಿಸುತ್ತಿತ್ತು. ಕಿಟಕಿಯ ಪರದೆ ಅಲುಗಿದರೆ ಅರಿವಿಲ್ಲದೆ "ಏನಕ್ಕಾ?" ಎಂದುಬಿಡುತ್ತಿದ್ದಳು. ಗಂಡ ಮೊದಮೊದಲು ತಮಾಷೆ ಮಾಡಿದ. ಆಮೇಲೆ ಪರದೆಗಳನ್ನೇ ಬಿಚ್ಚಿ ಕಿಟಕಿಗೆ ಕಾಗದ ಅಂಟಿಸಿದ.

ಹೀಗಿರುವಾಗ ಒಂದು ಭಾನುವಾರ ಹಲ್ಲಿನ ಡಾಕ್ಟರೊಬ್ಬರು ಮನೆ ಹುಡುಕಿಕೊಂಡು ಬಂದರು. ಅವರೂ, ಒಬ್ಬ ನಿವೃತ್ತ ಪೈಲಟ್ಟೂ, ವಿಜ್ಞಾನ ಕಲಿಸುವ ಮೇಡಮ್ಮೊಬ್ಬರೂ ಸೇರಿ ಹಳೆಯ ವಿಮಾನವೊಂದನ್ನು ಕೊಂಡಿದ್ದರು. ಬಯಲಿನ ಅಂಚಿನಲ್ಲಿ ಕಳೆ ಬೆಳೆದು ನಿಂತಿದ್ದ ವಿಮಾನ. ಎಂಜಿನ್ನಿನೊಳಗೆ ಗುಬ್ಬಚ್ಚಿಗಳು ಸಂಸಾರ ಹೂಡಿದ್ದವು. ಆರು ವರ್ಷ ಪ್ರತಿ ಭಾನುವಾರ ಮೂವರೂ ಅದಕ್ಕೇ ಬೆವರು ಸುರಿಸಿದ್ದರು.

"ಎಂಜಿನ್ ಎರಡೂ ಓಡ್ತವೆ. ಎಡಗಡೇದು ಸ್ವಲ್ಪ ಹಟಮಾರಿ, ಮೇಡಂ ಬೈದ್ರೆ ಮಾತ್ರ ಕೇಳುತ್ತೆ. ಬಾಲದ ಬಟ್ಟೆ ಹೊಲಿಯೋರೇ ಸಿಕ್ತಿಲ್ಲ. ನೀವೊಬ್ಬರೇ ಉಳಿದಿರೋದಂತೆ" ಎಂದರು ಡಾಕ್ಟರು.

"ನನ್ನ ಕೈಲಿ ಆಗಲ್ಲ."

"ಒಂದ್ಸಲ ಬಂದು ನೋಡಿಯಾದ್ರೂ ಹೋಗಿ."

ನೋಡಿ ಬರುತ್ತೇನೆಂದು ಹೋದವಳು ಅವರ ಶೆಡ್ಡಿನಲ್ಲಿ ಬರಿಯ ಎಲುಬಾಗಿ ನಿಂತಿದ್ದ ಹಲಗೆಯನ್ನು ಕಂಡಳು. ಅಕ್ಕನೂ ತಾನೂ ಹೊಲಿಯುತ್ತಿದ್ದ ಅದೇ ಜಾತಿಯದು. ಬೇಡವೆಂದರೂ ಬೆರಳು ಪಟ್ಟಿಗಳನ್ನು ಎಣಿಸುತ್ತಾ ಹೋಯಿತು. ಹನ್ನೊಂದಕ್ಕೆ ನಿಂತಿತು. ಮರುವಾರ ಸೂಜಿಪೆಟ್ಟಿಗೆ ಹಿಡಿದು ಅವಳೇ ಬಂದಳು. ಯಾಕೆ ಬಂದೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಮೂವರೂ ಅವಳಿಗೆ ಸೂಜಿಯಮ್ಮ ಎಂದು ಹೆಸರಿಟ್ಟರು.

ಆಚೆ ಬದಿಗೆ ಮೊದಲು ಡಾಕ್ಟರು ಕೂತರು. ದಾರವನ್ನು ಹಲ್ಲು ಕೀಳುವಂತೆ ಎಳೆದರು. ಮೇಡಂ ಕೂತರೆ ಸೂಜಿ ಎಲ್ಲೆಲ್ಲೋ ಮೂತಿ ಹಾಕಿತು. ಬೇರೆ ದಾರಿ ಕಾಣದೆ ಸೂಜಿಯಮ್ಮ ಅಕ್ಕನ ಮಗಳನ್ನು ಕರೆಸಿದಳು. ಅವಳು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಹೊಲಿಗೆಯ ಕೆಲಸದವಳು, ನಲವತ್ತರ ಹೆಂಗಸು, ಮಾತು ಕಡಿಮೆ.

ಅದು ಸಂಜೆಗೆ ಮುಂಚಿನ ಹೊತ್ತು. ಶೆಡ್ಡಿನ ದೊಡ್ಡ ಬಾಗಿಲಿಂದ ಬಿಸಿಲು ಆಚೆ ಬದಿಗೆ ಬೀಳುತ್ತಿತ್ತು. ಬಟ್ಟೆಗಿನ್ನೂ ಬಣ್ಣ ಹಚ್ಚಿರಲಿಲ್ಲವಾದ್ದರಿಂದ ಆಚೆಯ ಕೈಯ ನೆರಳು ಅದರ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಸೂಜಿಯಮ್ಮ ಮೊದಲ ಸೂಜಿ ಕಳಿಸಿದಳು. ನೆರಳಿನ ಕೈ ಅದನ್ನು ಹಿಡಿಯಿತು. ಆಮೇಲೆ ಪಟ್ಟಿಯ ಮೇಲೆ ಟಕ್ ಟಕ್ ಎಂದು ಎರಡು ಸಲ ಉಗುರು ಬಡಿಯಿತು.

ಇಷ್ಟು ವರ್ಷ ಅವಳು ಬಟ್ಟೆಯ ಹಿಂದೆ ಅಕ್ಕ ಇದ್ದಾಳೆಂದು ಹೆದರಿದ್ದಳು. ಈಗ ಆಚೆ ಕೂತಿದ್ದದ್ದು ಅಕ್ಕನಲ್ಲ, ತಾನೇ ಅನ್ನಿಸಿತು. ತನ್ನದೇ ಹರೆಯದ ಕೈ, ತನ್ನದೇ ಲಯ. ಈಚೆ, ಗಂಟು ಹಾಕುವ ಅಕ್ಕನ ಜಾಗದಲ್ಲಿ ಈಗ ತಾನು ಕೂತಿದ್ದಾಳೆ. ಸೂಜಿ ಬರುತ್ತಲೇ ಇತ್ತು, ಅವಳು ಗಂಟು ಹಾಕುತ್ತಲೇ ಇದ್ದಳು. ಹತ್ತು ಪಟ್ಟಿ ಮುಗಿದದ್ದೂ ತಿಳಿಯಲಿಲ್ಲ. ಹನ್ನೊಂದನೆಯದಕ್ಕೆ ದಾರ ಜಾರಿತು.

"ಹಾಗೆ ತಟ್ಟೋದು ನಿಂಗೆ ಯಾರು ಹೇಳ್ಕೊಟ್ರು?"

"ಅಮ್ಮ" ಎಂದಿತು ಬಟ್ಟೆ. "ಕೆಲಸ ಹೋದ್ಮೇಲೆ ಮಂಚದ ಚೌಕಟ್ಟಿಗೆ ಬೆಡ್‌ಶೀಟ್ ಬಿಗಿದು ನನ್ನ ಕೆಳಗೆ ಕೂರಿಸ್ತಿದ್ಲು. ಚಿಕ್ಕಮ್ಮ ಹೀಗೇ ತಟ್ಟೋದು, ನೀನೂ ಹಾಗೇ ತಟ್ಟು ಅಂತ. ಹೊಲಿಯೋದು, ಬಿಚ್ಚೋದು. ಮತ್ತೆ ಹೊಲಿಯೋದು."

ಮುಖ ಕಾಣುತ್ತಿದ್ದರೆ ಸೂಜಿಯಮ್ಮ ಹೇಳುತ್ತಿರಲಿಲ್ಲವೇನೋ.

"ಪುಟ್ಟೀ, ಆ ಗಂಟು ನಿಮ್ಮಮ್ಮಂದಲ್ಲ. ನಂದು."

ನೆರಳಿನ ಕೈ ಸೂಜಿಯನ್ನು ಕೆಳಗಿಟ್ಟಿತು.

"ಗೊತ್ತು ಚಿಕ್ಕಮ್ಮ."

"ಗೊತ್ತಾ? ಮತ್ತೆ ಇಷ್ಟು ದಿನ ನನ್ನ ಮನೆಗೆ ಬರ್ತಿದ್ಯಲ್ಲೇ?"

"ಇನ್ನೊಂದೂ ಗೊತ್ತು. ನಿಮಗೆ ಹೇಳ್ಬೇಡ ಅಂತ ಅಮ್ಮ ಅಂದಿದ್ಲು." ಅವಳೇ ಮುಂದುವರಿಸಿದಳು. "ಅವತ್ತು ಅಮ್ಮ ಆಚೆ ಕೂತಿದ್ಲಲ್ಲ, ಹನ್ನೊಂದರಲ್ಲಿ ದಾರ ಸಡಿಲ ಬಂದಿದ್ದು ಅವಳ ಬೆರಳಿಗೆ ಗೊತ್ತಾಗಿತ್ತಂತೆ. ಅಷ್ಟರಲ್ಲಿ ಮನೆಗೆ ಹೋಗೋ ಗಂಟೆ ಹೊಡೀತು. ನಾಳೆ ನೋಡಿದ್ರಾಯ್ತು ಅಂದ್ಕೊಂಡ್ಲು. ನಾಳೆ ಬಂದು ನೋಡಿದ್ರೆ ಹಲಗೆಗೆ ಬಣ್ಣ ಹಚ್ಚಿ ಆಗಿತ್ತು. ಬಿಚ್ಚಿ ಅಂದ್ರೆ ಜಾಗ ಬದಲಾಯಿಸಿದ್ದು ಗೊತ್ತಾಗಿ ನಿಮ್ಮ ತಲೆಗೆ ಬರುತ್ತೆ ಅಂತ ಸುಮ್ಮನಾದ್ಲು. ತಂಗಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ಅನ್ನೋಳು. ಬೆಡ್‌ಶೀಟ್ ಬಿಚ್ಚುವಾಗೆಲ್ಲ ಅದೇ ಮಾತು."

ಅಕ್ಕ ತನಗಾಗಿ ಹೊತ್ತಳು ಎಂದುಕೊಂಡೇ ಮೂವತ್ತು ವರ್ಷ ಬದುಕಿದ್ದವಳಿಗೆ ಅಳಬೇಕೋ, ಸಿಟ್ಟಾಗಬೇಕೋ ತಿಳಿಯಲಿಲ್ಲ. ಹಗುರವಂತೂ ಆಗಲಿಲ್ಲ. ಅಲ್ಲಿಯವರೆಗೆ ಹೊಲಿದದ್ದನ್ನೆಲ್ಲ ಕತ್ತರಿಸಿ ಹಾಕಿದಳು. ಆಮೇಲೆ ಮೂವರನ್ನೂ ಕರೆದು ಒಂದೂ ಬಿಡದೆ ಹೇಳಿದಳು. "ಇದನ್ನ ಕೇಳಿದ್ಮೇಲೂ ನನ್ನ ಕೈಲೇ ಹೊಲಿಸ್ತೀರಾ, ಯೋಚನೆ ಮಾಡಿ."

ಪೈಲಟ್ ಎದ್ದು ಹೊರಗೆ ಹೋದರು. ಸತ್ತ ಇಬ್ಬರಲ್ಲಿ ಒಬ್ಬ ಅವರ ಜೊತೆಯಲ್ಲೇ ಹಾರಾಟ ಕಲಿತವನಂತೆ. ತುಂಬಾ ಹೊತ್ತಿನ ಮೇಲೆ ಬಂದು, "ನೀವೇ ಹೊಲೀರಿ. ಬಣ್ಣ ಹಚ್ಚೋಕೆ ಮುಂಚೆ ಒಂದೊಂದು ಗಂಟನ್ನೂ ಹೊರಗಿನವರೊಬ್ಬರು ನೋಡ್ಲಿ" ಎಂದಷ್ಟೇ ಹೇಳಿದರು. ಆಮೇಲೆ ಅವರು ಅವಳೊಡನೆ ಎಂದೂ ನಗುತ್ತಾ ಮಾತಾಡಲಿಲ್ಲ.

ತಪಾಸಣೆಯವರು ಕನ್ನಡಿ ಹಿಡಿದು ಎರಡು ದಿನ ನೋಡಿದರು. ಮೂರು ಗಂಟು ಬಿಚ್ಚಿಸಿದರು. ಅವಳು ಮತ್ತೆ ಹಾಕಿದಳು.

ವಿಮಾನ ಹಾರಿದ ಬೆಳಿಗ್ಗೆ ಅವಳು ಶೆಡ್ಡಿನ ಹಿಂದೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. ಅಕ್ಕನ ಮಗಳು ಪಕ್ಕದಲ್ಲಿದ್ದಳು. ಎರಡು ಎಂಜಿನ್ನಿನ ಸದ್ದು ಒಂದರ ಮೇಲೊಂದು ಬಿದ್ದು ಗುಂಯ್ ಗುಂಯ್ ಎನ್ನುತ್ತಾ ದೂರವಾಯಿತು. ಕೇಳದಾದ ಮೇಲೂ ಅವಳು ಕಿವಿ ಕೊಟ್ಟೇ ಇದ್ದಳು. ನಲವತ್ತು ನಿಮಿಷಕ್ಕೆ ಅದು ಮರಳಿ ಬಂದು ಇಳಿಯಿತು. "ಬಂತು ಚಿಕ್ಕಮ್ಮ" ಎಂದು ಮಗಳು ಹೇಳಿದ ಮೇಲೆ ಕಣ್ಣು ತೆರೆದು ಹುಲ್ಲಿನ ಮೇಲೆ ಕೂತಳು.

ಈಗ ಮುಂದಕ್ಕೆ ಬೇಕಾದೀತೆಂದು ಇನ್ನೊಂದು ಹಲಗೆಯ ಕೆಲಸ ನಡೆದಿದೆ. ಮಗಳಿಗೆ ಗಂಟು ಹಾಕು ಎಂದರೆ, "ಅದೊಂದು ಮಾತ್ರ ಬೇಡ ಚಿಕ್ಕಮ್ಮ" ಎಂದಳು. ಡಾಕ್ಟರು ಕಲಿಯುತ್ತಿದ್ದಾರೆ. ಸೂಜಿಯಮ್ಮ ಆಚೆ ಕೂರುತ್ತಾಳೆ. ದಾರ ಬೆರಳಿಗೆ ಕೂದಲೆಳೆಯಷ್ಟು ಸಡಿಲ ಅನ್ನಿಸಿದರೂ ಸಾಕು, "ಬಿಚ್ಚಿ" ಅನ್ನುತ್ತಾಳೆ. ಚಹಾ ಆರಲಿ, ಕತ್ತಲಾಗಲಿ, ಬಿಡುವುದಿಲ್ಲ. ಡಾಕ್ಟರು ಗೊಣಗುತ್ತಾ ಬಿಚ್ಚುತ್ತಾರೆ.