ಮುದಿಯಪ್ಪನ ಕ್ಯಾರಿಯರ್

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಮುದಿಯಪ್ಪನ ಗ್ಯಾರೇಜಿದೆ. ಅದಕ್ಕೆ ಫಲಕವಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಮುದಿಯಪ್ಪ ನೇಕಾರರ ಮನೆಯಲ್ಲಿ ಹುಟ್ಟಿದವನು. ಇಪ್ಪತ್ತನೆಯ ವಯಸ್ಸಿನವರೆಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು. ಆಮೇಲೆ ಮೌಲಾಸಾಬನೆಂಬ ಮೇಸ್ತ್ರಿಯ ಕೈಕೆಳಗೆ ಮೋಟಾರ್ ಸೈಕಲ್ಲಿನ ಕೆಲಸ ಕಲಿತ. ಮಗ್ಗ ಬಿಟ್ಟರೂ ನೇಕಾರನ ಕಣ್ಣು ಅವನನ್ನು ಬಿಡಲಿಲ್ಲ. ಎರಡು ಗಾಲಿಗಳು ಒಂದೇ ನೇರಕ್ಕಿವೆಯೇ ಎಂದು ನೋಡಲು ಬೇರೆಯವರು ಕಬ್ಬಿಣದ ಪಟ್ಟಿ ಹಿಡಿದರೆ, ಇವನು ಗಾಲಿಗಳ ಬದಿಗೆ ಮಗ್ಗದ ಹಾಸಿನ ನೂಲು ಎಳೆದು ಕಟ್ಟಿ, ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದ. ಕೂದಲೆಳೆಯಷ್ಟು ಓರೆಯಿದ್ದರೂ ಅವನಿಗೆ ಕಾಣುತ್ತಿತ್ತು.

ಓಟದಲ್ಲಿ ಅಲ್ಲಾಡುವ ಗಾಡಿಗಳು ರೋಣದಿಂದ, ನರಗುಂದದಿಂದ ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಅವನು ನಟ್ಟು ಬಿಚ್ಚುವ ಪಾನಾ ಮುಟ್ಟುವ ಮೊದಲು ಗಾಡಿ ತಂದವರನ್ನು ಮಾತಾಡಿಸುತ್ತಿದ್ದ.

"ಎಷ್ಟರ ಮ್ಯಾಲ ಅಲ್ಲಾಡತೈತಿ? ಮುಂದ ಹ್ಯಾಂಡಲ್ ನಡಗತೈತೋ, ಹಿಂದ ಸೊಂಟ ತಿರಗಸತೈತೋ?"

"ನನಗೇನ್ ಗೊತ್ತ ಕಾಕಾ, ಜೀವಾ ಕೈಯಾಗ ಹಿಡಕೊಂಡಿದ್ನಿ."

"ಒಂದ ಕೈಯಾಗ ಜೀವಾ ಹಿಡದು ಒಂದ ಕೈಯಾಗ ಹ್ಯಾಂಡಲ್ ಹಿಡದೇನು? ಅದಕ್ಕ ಅಲ್ಲಾಡೇತಿ ಬಿಡು."

ಹೀಗೆ ನಗಿಸುತ್ತಲೇ ಟೈರಿನ ಸವೆತ ನೋಡುವನು, ಗಾಲಿಯನ್ನು ಎತ್ತಿ ಬದಿಗೆ ಜಗ್ಗುವನು, ಹ್ಯಾಂಡಲ್ಲಿನ ಬುಡದ ಬೇರಿಂಗ್ ಸಡಿಲವಾಗಿದೆಯೋ ಬಿಗಿಯಾಗಿದೆಯೋ ಎಂದು ಎರಡು ಬೆರಳಿನಿಂದ ತಿರುಗಿಸಿ ಹೇಳುವನು. ತಪ್ಪಿದ್ದು ಕಡಿಮೆ.

ಅವನ ಹೆಂಡತಿ ಸಾವಕ್ಕ ಮಗ್ಗ ಬಿಟ್ಟವಳಲ್ಲ. ಮನೆಯಲ್ಲಿ ಒಂದು ಕಟ್ಟಳೆಯಿತ್ತು, ಅದು ಆ ಓಣಿಯ ಎಲ್ಲ ನೇಕಾರರ ಮನೆಯ ಕಟ್ಟಳೆಯೂ ಹೌದು: ಗ್ರೀಸ್ ಇದ್ದಲ್ಲಿ ಸೀರೆ ಬರಬಾರದು, ಸೀರೆ ಇದ್ದಲ್ಲಿ ಗ್ರೀಸಿನ ಕೈ ಬರಬಾರದು. ರಿಪೇರಿ ಏನಿದ್ದರೂ ಮುಗಿಸಿ, ಗಾಡಿ ಒರೆಸಿ ಮನೆಯ ಮುಂದೆ ತಂದ ಮೇಲೆಯೇ ಹೆಂಗಸರು ಹೊಸ್ತಿಲಲ್ಲಿ ಸೀರೆಯ ಗಂಟು ಕಟ್ಟುತ್ತಿದ್ದರು. ಮುದಿಯಪ್ಪ ಇಪ್ಪತ್ತೇಳು ವರ್ಷಗಳಿಂದ ಒಂದು ಸೀರೆಯನ್ನೂ ಮುಟ್ಟಿರಲಿಲ್ಲ. ಗಂಟು ಹೊತ್ತ ಗಾಡಿ ಅವನ ಗ್ಯಾರೇಜಿಗೆ ಎಂದೂ ಬಂದಿರಲಿಲ್ಲ.

ಗಂಟು ಕೂರುವ ಕ್ಯಾರಿಯರ್ ಮಾತ್ರ ಅವನೇ ಮಾಡಿದ್ದು. ಹನ್ನೊಂದು ವರ್ಷದ ಹಿಂದೆ ಸಾವಕ್ಕ ಕೇಳಿದ್ದಳು. ಸೀರೆ ಚಪ್ಪಟೆಯಾಗಿ ಒಂದರ ಮೇಲೊಂದು ಮಲಗಬೇಕು. ನಡುವೆ ಮಡಿಕೆ ಮುರಿದರೆ ರೇಷ್ಮೆ ಸೆರಗಿಗೆ ಗೆರೆ ಬೀಳುತ್ತದೆ, ಅಂಗಡಿಯವರು ಹಿಂದಕ್ಕೆ ಕಳಿಸುತ್ತಾರೆ. ಹಿಂದಿನ ಸೀಟಿನ ಮೇಲೆ ಇಟ್ಟರೆ ಓಡಿಸುವವನ ಬೆನ್ನಿನ ಬೆವರು ತಾಗುತ್ತದೆ. ಮುದಿಯಪ್ಪ ಕಬ್ಬಿಣದ ಸರಳು ಬಾಗಿಸಿ ಸೀಟಿನ ಹಿಂದೆ ಒಂದು ಹಲಗೆ ನಿಲ್ಲಿಸಿದ. ಸಾವಕ್ಕ ದೂರ ನಿಂತು ನೋಡಿ, "ಇನ್ನೊಂದ ಗೇಣ ಹಿಂದಕ್ಕ ಎಳೀರಿ" ಎಂದಳು. ಅವನು ಎಳೆದು ಬೆಸೆದ. ಅದನ್ನು ನೋಡಿ ಓಣಿಯವರು ಕೇಳಿದರು, ಮೇಲಿನ ಓಣಿಯವರು ಕೇಳಿದರು. ಮೂವತ್ತಾರು ಮನೆಗಳಿಗೆ ಮಾಡಿಕೊಟ್ಟ. ಊರಲ್ಲಿ ಅದಕ್ಕೆ ಮುದಿಯಪ್ಪನ ಕ್ಯಾರಿಯರ್ ಎಂದೇ ಹೆಸರಾಯಿತು. ಅವನಿಗೆ ಅದೊಂದು ಹೆಮ್ಮೆ. ಬೇರೆ ಹೆಮ್ಮೆ ಪಡುವಂಥದ್ದು ಅವನ ಬದುಕಿನಲ್ಲಿ ಹೆಚ್ಚಿರಲಿಲ್ಲ, ಮಗನೊಬ್ಬನನ್ನು ಬಿಟ್ಟರೆ.

ಮಗ ಶರತನಿಗೆ ಇಪ್ಪತ್ತಾರು. ಓಣಿಯವರ ಸೀರೆಗಳನ್ನು ಕೂಡಿಸಿ ಹುಬ್ಬಳ್ಳಿಯ ಅಂಗಡಿಗಳಿಗೆ ತಾನೇ ಒಯ್ದು ಮಾರುತ್ತಿದ್ದ. ಸಣ್ಣ ಗಾಡಿಯಲ್ಲಿ ಹೋಗಿ ಬರುವುದಕ್ಕೆ ದಿನ ಸಾಲುತ್ತಿರಲಿಲ್ಲವೆಂದು ಒಂದು ಹಳೆಯ ಟೂರಿಂಗ್ ಬೈಕ್ ಕೊಂಡ. ಮುಂದೆ ಗಾಳಿ ತಡೆಯುವ ಗಾಜು, ಅಗಲವಾದ ಹ್ಯಾಂಡಲ್, ದೊಡ್ಡ ಟ್ಯಾಂಕು. ದಿನವಿಡೀ ಓಡಿಸಿದರೂ ಸೊಂಟ ಹಿಡಿಯದು. ಹಳೆಯ ಕ್ಯಾರಿಯರನ್ನು ಬಿಚ್ಚಿ ಅದಕ್ಕೆ ಹಾಕಿದರು. ಎರಡು ತಿಂಗಳಲ್ಲಿ ಅವನು ಬಂದು ಹೇಳಿದ:

"ಅಪ್ಪಾ, ನರಗುಂದ ದಾಟಿ ತೊಂಬತ್ತಕ್ಕ ಬಂದ್ನೆಂದ್ರ ಹ್ಯಾಂಡಲ್ ನಡಗತೈತಿ."

ಮುದಿಯಪ್ಪ ಒಂದು ಭಾನುವಾರ ಇಡೀ ಅದರ ಕೆಳಗೆ ಮಲಗಿದ. ಮುಂದಿನ ಟೈರ್ ಬದಲಿಸಿದ. ರೋಣದ ರಸ್ತೆಯಲ್ಲಿ ತಾನೇ ನೂರರ ವೇಗದಲ್ಲಿ ಓಡಿಸಿದ. ನಡುಗಲಿಲ್ಲ. ಮಗ ಮತ್ತೆ ಬಂದಾಗ ಅಪ್ಪ ಬೇರಿಂಗ್ ಬದಲಿಸಿದ. ಮತ್ತೆ ಬಂದಾಗ ಹಿಂದಿನ ಗಾಲಿ ಹಿಡಿದ ತೋಳಿನ ಬುಶ್ ಬದಲಿಸಿದ, ನೂಲು ಹಿಡಿದು ಗಾಲಿ ನೋಡಿದ. ನಾಲ್ಕನೆಯ ಸಲ ಬದಲಿಸಲು ಏನೂ ಉಳಿದಿರಲಿಲ್ಲ.

"ಗಾಡ್ಯಾಗೇನಿಲ್ಲೋ ತಮ್ಮಾ. ಕರೀಮಣ್ಣಿನ ಮ್ಯಾಲಿನ ರಸ್ತೆ, ಮಳಿಗೆ ಉಬ್ಬತೈತಿ. ಸಾವಕಾಶ ಹೋಗು."

"ನಿನ್ನ ಕೈಯಾಗ ಶಾಣ್ಯಾ ಆಗತೈತಿ, ನನ್ನ ಕೈಯಾಗ ಹಠಾ ಮಾಡತೈತಿ" ಎಂದು ಶರತ ನಕ್ಕಿದ್ದ. "ಅವ್ವಗ ಹೇಳಬ್ಯಾಡ, ಬಸ್ಸಿಗೆ ಹೋಗಂತಾಳ."

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ನರಗುಂದದಾಚೆಯ ನೇರ ರಸ್ತೆಯಲ್ಲಿ ಶರತ ಬಿದ್ದ. ರಸ್ತೆಯ ಬದಿಯಲ್ಲಿ ಚಹಾ ಮಾರುವ ರಮಜಾನಸಾಬ ಕಣ್ಣಾರೆ ನೋಡಿದ್ದ. "ನಾಯಿ ಇಲ್ಲ, ಲಾರಿ ಇಲ್ಲ, ಖರೇ ಹೇಳ್ತೀನ್ರಿ. ಹ್ಯಾಂಡಲ್ ಅತ್ತಾಗೊಮ್ಮೆ ಇತ್ತಾಗೊಮ್ಮೆ ಬಡಕೊಂತು. ಹುಡುಗ ಎರಡೂ ಕೈಲೆ ಬಿಗಿಹಿಡದಿದ್ದ. ಹಿಡದಷ್ಟೂ ಬಡಕೊಂತು." ದವಾಖಾನೆಗೆ ಒಯ್ಯುವುದರೊಳಗೆ ಜೀವ ಹೋಗಿತ್ತು. ಗಂಟು ಹೊಲಕ್ಕೆ ಉರುಳಿತ್ತು. ಪೊಲೀಸರು ತಂದುಕೊಟ್ಟಾಗ ಸಾವಕ್ಕ ಬಿಚ್ಚಿ ನೋಡಿದಳು: ಇಪ್ಪತ್ತೆರಡು ಸೀರೆ, ಒಂದರ ಮಡಿಕೆಯೂ ಮುರಿದಿರಲಿಲ್ಲ. ಹದಿನೈದು ದಿನದ ಮೇಲೆ ಅವನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದಳು. ಬೇರೆಯವರ ದುಡಿಮೆ ಅದು, ಇಟ್ಟುಕೊಳ್ಳುವಂತಿರಲಿಲ್ಲ.

ಮಗ ನಾಲ್ಕು ಸಲ ಹೇಳಿದ್ದನೆಂಬುದು ಅವಳಿಗೆ ಆಮೇಲೆ ತಿಳಿಯಿತು.

"ಮೂರೂರ ಗಾಡಿ ನೆಟ್ಟಗ ಮಾಡ್ತೀರಿ" ಎಂದಳು ಗಂಡನಿಗೆ. "ಹೆತ್ತ ಮಗ ನಾಕ ಸಲ ಬಂದ ಬಾಯಿಬಿಟ್ಟ ಹೇಳಿದ್ನಲ್ರಿ. ನಾಕ ಸಲ!"

"ನಾ ನೋಡಿದ್ನಿ, ಸಾವಕ್ಕಾ."

"ಏನ ನೋಡಿದ್ರಿ?"

ಆಮೇಲೆ ಊಟಕ್ಕೆ ಕರೆಯುವುದು ಬಿಟ್ಟರೆ ಅವಳು ಅವನೊಡನೆ ಮಾತಾಡಲಿಲ್ಲ. ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಮುದಿಯಪ್ಪ ಅದನ್ನು ಗ್ಯಾರೇಜಿನ ಹಿಂದೆ ಒಂದೊಂದೇ ತುಂಡಾಗಿ ಬಿಚ್ಚಿದ. ಬಿದ್ದು ಮುರಿದದ್ದು ಯಾವುದು, ಮೊದಲೇ ಕೆಟ್ಟದ್ದು ಯಾವುದು ಎಂದು ತಿಂಗಳುಗಟ್ಟಲೆ ಬೇರ್ಪಡಿಸಿದ. ಮೊದಲೇ ಕೆಟ್ಟದ್ದೆಂದು ಹೇಳಬಹುದಾದ ಒಂದು ಮೊಳೆಯೂ ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ತಪ್ಪಿತಸ್ಥನಾಗಿ ಬದುಕುವುದನ್ನಾದರೂ ಕಲಿಯುತ್ತಿದ್ದ. ಸಿಗದೆ ಇದ್ದದ್ದು ಅವನನ್ನು ತಿಂದಿತು. ನೋಡಿದ್ದೆ ಎಂಬ ತನ್ನ ಮಾತನ್ನು ಅವಳು ಒಮ್ಮೆ ನಂಬಿದರೆ ಸಾಕು, ಮತ್ತೇನೂ ಬೇಡವೆಂದು ಅವನಿಗೆ ಅನಿಸುತ್ತಿತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಗೋಣೆಪ್ಪ ಬಂದ. ಮೇಲಿನ ಓಣಿಯ ನೇಕಾರ; ಶರತ ಮಾಡುತ್ತಿದ್ದ ವ್ಯಾಪಾರವನ್ನು ಈಗ ಅವನು ಮಾಡುತ್ತಿದ್ದ, ಅಂಥದೇ ದೊಡ್ಡ ಬೈಕ್ ಕೊಂಡಿದ್ದ. ಅರ್ಧ ದಾರಿಯಿಂದ ಹೊರಳಿ ಬಂದವನ ಮುಖ ಬಿಳುಚಿತ್ತು.

"ಕಾಕಾ, ಹ್ಯಾಂಡಲ್ ನಡಗತೈತಿ. ಲಗೂ ನೋಡು. ಮಧ್ಯಾಹ್ನದೊಳಗ ಹುಬ್ಬಳ್ಳಿ ಮುಟ್ಟಬೇಕು."

"ಗಂಟ ಇಳಿಸಿ ಬರಬೇಕೋ ಬ್ಯಾಡೋ? ಇಲ್ಲಿ ಎಲ್ಲಾ ಎಣ್ಣಿ ಐತಿ."

"ಇಳಿಸಿ ಮತ್ತ ಕಟ್ಟೂದ್ರಾಗ ತಾಸ ಹೋಗತೈತಿ. ನೀ ಮುಟ್ಟಬ್ಯಾಡ ಅಷ್ಟ. ಹಂಗ ಒಂದ ಸುತ್ತ ಹೊಡಕೊಂಡ ಬಾ."

ಮುದಿಯಪ್ಪ ಕೈ ತೊಳೆದು, ಹಿಂದೆ ಕ್ಯಾರಿಯರಿನ ಮೇಲೆ ಗಂಟಿದ್ದಂತೆಯೇ ಹತ್ತಿ ರೋಣದ ರಸ್ತೆ ಹಿಡಿದ. ಎಂಬತ್ತರವರೆಗೆ ಏನಿಲ್ಲ. ಎಂಬತ್ತೆಂಟಕ್ಕೆ ಬಂದಾಗ, ರಸ್ತೆಯ ಒಂದು ಉಬ್ಬು ದಾಟಿದ ಮೇಲೆ, ಅವನ ಅಂಗೈಯಲ್ಲಿ ಹ್ಯಾಂಡಲ್ ನಡುಗತೊಡಗಿತು. ಮಗ ಹೇಳಿದ್ದ ನಡುಕ. ಮಗ ಸತ್ತು ಎಂಟು ತಿಂಗಳ ಮೇಲೆ ಮೊದಲ ಸಲ ಅದು ಅವನ ಕೈಗೆ ಸಿಕ್ಕಿತ್ತು. ಬ್ರೇಕ್ ಮುಟ್ಟದೆ, ಹಿಡಿತ ಸಡಿಲಿಸಿ, ವೇಗ ತಾನಾಗಿ ಇಳಿಯುವವರೆಗೆ ಕಾದ.

ಗ್ಯಾರೇಜಿಗೆ ಬಂದು, ಗೋಣೆಪ್ಪ ಬೈಯುತ್ತಿದ್ದರೂ ಅವನಿಂದಲೇ ಗಂಟು ಇಳಿಸಿ ಜಗುಲಿಯ ಮೇಲೆ ಇಡಿಸಿದ. ಬರಿಗಾಡಿಯನ್ನು ಅದೇ ರಸ್ತೆಗೆ ಒಯ್ದ; ನೂರು ದಾಟಿದರೂ ಹ್ಯಾಂಡಲ್ ಕಲ್ಲಿನಂತೆ ನಿಂತಿತ್ತು. ಗಂಟನ್ನು ಸೀಟಿನ ಮೇಲೆ, ಬೆನ್ನಿಗೆ ಒತ್ತಿ ಕಟ್ಟಿಸಿದ; ನಡುಗಲಿಲ್ಲ. ಮತ್ತೆ ಕ್ಯಾರಿಯರಿನ ಮೇಲೆ ಕಟ್ಟಿಸಿದ. ಎಂಬತ್ತೆಂಟಕ್ಕೆ ನಡುಗಿತು. ಹಿಂದಿನ ಗಾಲಿಯ ಅಚ್ಚಿಗಿಂತ ಆಚೆ, ಎತ್ತರದಲ್ಲಿ ಅಷ್ಟು ಭಾರ ಕೂತರೆ ಮುಂದಿನ ಗಾಲಿ ಹಗುರಾಗುತ್ತದೆ, ನೆಲದ ಮೇಲಿನ ಹಿಡಿತ ಬಿಡುತ್ತದೆ. ಸಣ್ಣ ಗಾಡಿಗಳು ಐವತ್ತು ಅರವತ್ತು ದಾಟುತ್ತಿರಲಿಲ್ಲವಾದ್ದರಿಂದ ಹನ್ನೊಂದು ವರ್ಷ ಇದು ಯಾರಿಗೂ ತಿಳಿದಿರಲಿಲ್ಲ. ಮಗನ ಗಾಡಿಯನ್ನು ಅವನು ನಾಲ್ಕು ಸಲ ಓಡಿಸಿ ನೋಡಿದ್ದು, ನಾಲ್ಕು ಸಲವೂ ಬರಿಗಾಡಿ.

"ಏನ ಸಿಕ್ಕಿತು ಕಾಕಾ?" ಎಂದ ಗೋಣೆಪ್ಪ.

ಟೈರ್ ಎನ್ನಬಹುದಿತ್ತು. ಗೋಣೆಪ್ಪ ನಂಬುತ್ತಿದ್ದ, ಮುಂದಿನ ವಾರ ಸಾಯುತ್ತಿದ್ದ.

"ನಿನ್ನ ಗಾಡಿ ಚಲೋ ಐತಿ. ನಾ ಮಾಡಿದ ಕ್ಯಾರಿಯರ್ ಕೆಟ್ಟದ್ದೈತಿ" ಎಂದು ಮುದಿಯಪ್ಪ ಕಬ್ಬಿಣ ಕೊಯ್ಯುವ ಯಂತ್ರ ತೆಗೆದುಕೊಂಡ.

ಹೇಳದೆ ಇರುವಂತಿರಲಿಲ್ಲ. ಊರಲ್ಲಿ ಅಂಥ ಇನ್ನೂ ಮೂವತ್ತೈದು ಕ್ಯಾರಿಯರ್ ಓಡಾಡುತ್ತಿದ್ದವು. ಅವುಗಳನ್ನು ಕೊಯ್ಯಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದ ಮೇಲೆ ಅದು ಸಾವಕ್ಕನ ಕಿವಿಗೆ ಬೀಳಲೇಬೇಕು. ಬೇರೆಯವರಿಂದ ಬೀಳುವುದು ಬೇಡವೆಂದು ಅವನು ಆಗಲೇ ಮನೆಗೆ ಹೋದ. ಅವಳು ಮಗ್ಗದಲ್ಲಿದ್ದಳು. ಅವನು ಹೊಸ್ತಿಲಾಚೆಯೇ ನಿಂತು, ಗೋಣೆಪ್ಪನ ಗಾಡಿಯ ನಾಲ್ಕು ಓಟವನ್ನೂ ಒಂದೊಂದಾಗಿ ಹೇಳಿದ. ಅವಳು ಲಾಳಿ ಕೈಯಲ್ಲಿ ಹಿಡಿದು ಕೇಳಿದಳು.

"ಒಂದ ಗೇಣ ಮುಂದ ಇದ್ದಿದ್ದರ?"

ಮುದಿಯಪ್ಪ ಹೆಬ್ಬೆರಳ ಉಗುರಿನ ಗ್ರೀಸ್ ಕೆರೆಯತೊಡಗಿದ.

"ಕೇಳಾಕತ್ತೀನಿ, ಹೇಳ್ರಿ."

"ಇಷ್ಟ ನಡಗತಿರಲಿಲ್ಲ. ಬೆಸದಾವ ನಾನು. ನನಗ ತಿಳೀಬೇಕಿತ್ತು" ಎಂದ.

"ನಾ ಅಂದದ್ದಕ್ಕ ಬೆಸದ್ರಿ."

ಅವಳು ಅಳಲಿಲ್ಲ. ಲಾಳಿ ಹಾಯಿಸಿದಳು, ಪೆಡಲು ತುಳಿದಳು, ಸಂಜೆಯವರೆಗೆ ನೇಯ್ದಳು. ಮರುದಿನ ಅಷ್ಟನ್ನೂ ಬಿಚ್ಚಬೇಕಾಯಿತು. ಅಂಚಿನ ಎಳೆಗಳು ಎಲ್ಲೆಲ್ಲೋ ಹೋಗಿದ್ದವು.

ಮುದಿಯಪ್ಪ ಮನೆಮನೆಗೆ ಹೋದ. ಯಾರೂ ಬಿಡಲಿಲ್ಲ. ಹನ್ನೊಂದು ವರ್ಷ ಏನೂ ಆಗದ್ದು ಈಗೇನಾಗುತ್ತದೆ ಎಂದರು. ಮಗ ಹೋದ ಮೇಲೆ ಅವನ ತಲೆ ನೆಟ್ಟಗಿಲ್ಲ ಎಂದು ಹಿಂದಿನಿಂದ ಆಡಿಕೊಂಡರು. ಎಂಟು ದಿನದಲ್ಲಿ ಅವನು ಕೊಯ್ದದ್ದು ಎರಡು. ಒಂಬತ್ತನೆಯ ದಿನ ಅವನು ಹೊರಟಾಗ ಸಾವಕ್ಕ ಸೆರಗು ಹೊದ್ದು ಬಾಗಿಲಿಗೆ ಬಂದಳು.

"ನಾನೂ ಬರ್ತೀನಿ. ಹೆಣ್ಮಕ್ಕಳು ನಿಮ್ಮ ಮಾತ ಕೇಳೂದಿಲ್ಲ."

ಮೊದಲ ಮನೆ ಸುಧಾರಾಣಿಯದು, ಗಂಡ ಆಗತಾನೆ ದೊಡ್ಡ ಗಾಡಿ ತಂದಿದ್ದ. ಅವಳು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಳು.

"ಸೀಟಿನ ಮ್ಯಾಲ ಕಟ್ಟಿ ಬೆವರ ಹಚ್ಚಿದ್ರ ಸೀರಿ ಯಾರ ತಗೋತಾರ? ನಿನ್ನ ಮಗ ಮೈಮ್ಯಾಲ ಖಬರಿಲ್ಲದಂಗ ಓಡಿಸಿದ ಅಂತ ನಮ್ಮ ಕ್ಯಾರಿಯರ್ ಯಾಕ ಕೊಯ್ಯೂದು, ಅತ್ತೀ?"

ಮುದಿಯಪ್ಪ ಒಂದು ಹೆಜ್ಜೆ ಮುಂದಿಟ್ಟ. ಸಾವಕ್ಕ ದನಿ ಏರಿಸಲಿಲ್ಲ.

"ನನ್ನ ಮಗ ಖಬರ ಇಟ್ಟ ಓಡಿಸ್ಯಾನ. ಹಲಗಿ ಹಿಂದಕ್ಕ ಎಳಸಿದಾಕಿ ನಾನು. ಅವತ್ತ ಗಂಟ ಕಟ್ಟಿದಾಕಿ ನಾನು. ಮಡಿಕಿ ಮುರೀಬಾರದಂತ ಎತ್ತರ ಮಾಡಿ ಕಟ್ಟಿದ್ನಿ. ಮಡಿಕಿ ಮುರೀಲಿಲ್ಲ. ಬೆವರ ಹತ್ತದಂಗ ನಡುವ ಒಂದ ಪ್ಲಾಸ್ಟಿಕ್ ಹಾಳಿ ಹಾಕಿದ್ರ ಸಾಕಾಗತಿತ್ತು. ನನಗ ಹೊಳೀಲಿಲ್ಲ. ಸರಿ, ಗಾಡಿ ಹೊರಗ ತಗಿ."

ಸುಧಾರಾಣಿ ಗಾಡಿಯನ್ನು ತಾನೇ ಹೊರಗೆ ತಳ್ಳಿಕೊಂಡು ಬಂದಳು.

ಮೂವತ್ಮೂರು ಮನೆಗಳಲ್ಲಿ ಸಾವಕ್ಕ ಇದನ್ನೇ ಹೇಳಿದಳು. ಮಾತು ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ಕೆಲವರು ಕೂರಿಸಿ ನೀರು ಕೊಟ್ಟರು. ಒಬ್ಬ ಮುದುಕಿ, "ಹೆತ್ತಾಕಿ ಕೈಲೇ ಆತಲ್ಲವ್ವಾ" ಎಂದು ಕಣ್ಣಿಗೆ ಸೆರಗು ಹಚ್ಚಿದಾಗ, "ಹೌದ್ರಿ" ಎಂದಳು, ಅಷ್ಟೆ. ಅವಳು ಹೇಳುವಾಗ ಮುದಿಯಪ್ಪ ಬೀದಿಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ. ಅವಳು ಮುಗಿಸಿದ ಮೇಲೆ ಯಂತ್ರ ಚಾಲೂ ಮಾಡುತ್ತಿದ್ದ. ಆ ಸದ್ದಿನಲ್ಲಿ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಕೊನೆಯ ಕ್ಯಾರಿಯರ್ ಕೊಯ್ದದ್ದು ಒಂದು ಗುರುವಾರ ಮಧ್ಯಾಹ್ನ. ಬಿಸಿಲಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಮುದಿಯಪ್ಪ ಕೊಯ್ದ ಸರಳನ್ನು ಚೀಲಕ್ಕೆ ಹಾಕಿ ಕಟ್ಟುತ್ತಿದ್ದಾಗ ಸಾವಕ್ಕ ಅವನ ಹಿಂದೆ ಬಂದು ನಿಂತಳು.

"ನೀವು ನೋಡಿದ್ರಿ" ಎಂದಳು. "ಅವನ ಗಾಡಿ ನೀವು ಬರೋಬ್ಬರಿ ನೋಡಿದ್ರಿ. ನಿಮ್ಮದೇನ ತಪ್ಪಿಲ್ಲ."

ಇಷ್ಟು ತಿಂಗಳು ಈ ಒಂದು ಮಾತಿಗಾಗಿ ಕಾದಿದ್ದ ಮುದಿಯಪ್ಪನಿಗೆ ಈಗ ಅದು ಬೇಕಾಗಿರಲಿಲ್ಲ; ಅವನಿಂದ ಇಳಿಸಿದ ತಪ್ಪನ್ನು ಅವಳು ತಾನೇ ಹೊತ್ತುಕೊಂಡಿದ್ದಳು. ಅವಳು ಮೊದಲಿನಂತೆ ಬೈದಿದ್ದರೆ ಹೊರುತ್ತಿದ್ದ, ಸಾಯುವವರೆಗೆ ಹೊರುತ್ತಿದ್ದ. ಇಲ್ಲ ಎನ್ನಲು ತಿರುಗಿದ. ಅವಳು ಆಗಲೇ ಮನೆಯ ದಾರಿ ಹಿಡಿದಿದ್ದಳು, ಅವನ ಗಾಡಿ ಹತ್ತದೆ, ಬಿಸಿಲಲ್ಲಿ ಒಬ್ಬಳೇ.